ಒಂಟಾರಿಯೊ ಮನೆಯ ಹಿತ್ತಲಲ್ಲಿ ಮೊದಲ ಸಲ ಗಾಂಜಾ ಗಿಡ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕೆನಡಾದ ಒಂಟಾರಿಯೊ ಪ್ರಾಂತ್ಯದ ಕಿಚನರ್ ಊರಿನಲ್ಲಿದ್ದೇನೆ, ಟೊರೊಂಟೊದಿಂದ ಕಾರಿನಲ್ಲಿ ಒಂದೂವರೆ ಗಂಟೆ ದೂರ. ಹಿತ್ತಲಲ್ಲಿ ಟೊಮೆಟೊ, ಮೆಣಸಿನಕಾಯಿ, ಒಂದು ಸಾಲು ಮೆಂತ್ಯ, ಜೊತೆಗೆ 2021ರಿಂದ ವರ್ಷಕ್ಕೊಂದೋ ಎರಡೋ ಗಾಂಜಾ ಗಿಡ. ಇಲ್ಲಿ ಇದು ಕಾನೂನುಬದ್ಧ. ಗೆಳೆಯರ ಮನೆಗೆ ಹೋದಾಗ, ಮಕ್ಕಳ ಕನ್ನಡ ಕ್ಲಾಸ್ ಹೊರಗೆ ಕಾಯುತ್ತಾ ನಿಂತಾಗ, ಯಾರಾದರೂ ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳುತ್ತಾರೆ. ಕೇಳೋ ಪ್ರಶ್ನೆಗಳು ಹೆಚ್ಚುಕಮ್ಮಿ ಅವೇ. ಅದಕ್ಕೆ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಊರಲ್ಲಿ, ಅಂದರೆ ಕರ್ನಾಟಕದಲ್ಲಿ, ಇದನ್ನು ಓದಿ ಬೆಳೆಯಬಹುದಾ?

ಬೇಡ. ದಯವಿಟ್ಟು ಬೇಡ. ಭಾರತದಲ್ಲಿ 1985ರ ಎನ್‌ಡಿಪಿಎಸ್ (ಮಾದಕ ವಸ್ತು ತಡೆ) ಕಾಯ್ದೆ ಪ್ರಕಾರ ಪರವಾನಗಿ ಇಲ್ಲದೆ ಗಾಂಜಾ ಗಿಡ ಬೆಳೆಸೋದೇ ಅಪರಾಧ. ಕಾಯ್ದೆಯ 20ನೇ ಸೆಕ್ಷನ್‌ನಲ್ಲಿ ಅದಕ್ಕೆ 10 ವರ್ಷದವರೆಗೆ ಕಠಿಣ ಸಜೆ, 1 ಲಕ್ಷದವರೆಗೆ ದಂಡ ಇದೆ. ಒಂದೇ ಗಿಡ, ಬಾಲ್ಕನಿ ಕುಂಡ, ಸ್ವಂತಕ್ಕೆ ಅಂತೆಲ್ಲಾ ಹೇಳಿದರೂ ರಿಯಾಯಿತಿ ಇಲ್ಲ. ಮೆಕ್ಕೆಜೋಳದ ಸಾಲಿನ ಮಧ್ಯೆ ನಾಲ್ಕು ಗಿಡ ಸಿಕ್ಕಿತು, ರೈತನನ್ನು ಹಿಡಿದರು ಅನ್ನೋ ಸುದ್ದಿ ನೀವೂ ಓದಿರುತ್ತೀರಿ. ಕೆಳಗೆ ಬರೆದಿರೋದೆಲ್ಲಾ ಕೆನಡಾದ ಕಾನೂನು, ಅದರಲ್ಲೂ ಒಂಟಾರಿಯೊದ ಹವೆ ನೋಡಿ ಬರೆದಿದ್ದು.

ಸರಿ, ಇಲ್ಲಿನ ಕಾನೂನು ಏನು?

ಕೆನಡಾದಲ್ಲಿ ಗಾಂಜಾ ಕಾಯ್ದೆ 2018ರ ಅಕ್ಟೋಬರ್ 17ರಂದು ಜಾರಿಗೆ ಬಂತು. ಒಂದು ಮನೆಗೆ 4 ಗಿಡ. ಸ್ವಂತ ಬಳಕೆಗೆ ಮಾತ್ರ, ಮತ್ತೆ ಬೀಜ ಅಥವಾ ಸಸಿ ಕಾನೂನುಬದ್ಧವಾಗಿ ಬಂದಿರಬೇಕು. ಒಂಟಾರಿಯೊದಲ್ಲಿ ನಿಮಗೆ 19 ತುಂಬಿರಬೇಕು. ಮನೆಯಿಂದ ಹೊರಗೆ ಸಾರ್ವಜನಿಕ ಜಾಗದಲ್ಲಿ ಒಬ್ಬರ ಹತ್ತಿರ 30 ಗ್ರಾಂ ಒಣಗಿದ್ದು, ಅಥವಾ ಅದಕ್ಕೆ ಸಮನಾದದ್ದು, ಅಷ್ಟೇ ಇರಬಹುದು. ಹೂ ಬಿಟ್ಟ ಗಿಡವನ್ನು ಸಾರ್ವಜನಿಕ ಜಾಗಕ್ಕೆ ತೆಗೆದುಕೊಂಡು ಹೋಗೋ ಹಾಗಿಲ್ಲ. ಇದು ತುಂಬಾ ಜನಕ್ಕೆ ಗೊತ್ತಿಲ್ಲ. ಸೆಪ್ಟೆಂಬರಿನಲ್ಲಿ ಮನೆ ಬದಲಾಯಿಸುವವರು ಕುಂಡ ಎತ್ತಿ ಕಾರಿನಲ್ಲಿಟ್ಟುಕೊಂಡು ಹೊರಡಬೇಡಿ.

ಗಂಡ ಹೆಂಡತಿ ಇಬ್ಬರಿದ್ದೇವೆ, ಬೇಸ್‌ಮೆಂಟಲ್ಲಿ ಒಬ್ಬ ಹುಡುಗ ಬಾಡಿಗೆಗಿದ್ದಾನೆ. ತಲೆಗೆ ನಾಲ್ಕು ಅಂದರೆ ಹನ್ನೆರಡು ಅಲ್ವಾ?

ಅಲ್ಲ. ಲೆಕ್ಕ ತಲೆಗಲ್ಲ, ಮನೆಗೆ. ಎಷ್ಟು ಜನ ಇದ್ದರೂ ಒಂದು ವಾಸದ ಮನೆಗೆ ನಾಲ್ಕೇ. ಬೇಸ್‌ಮೆಂಟ್ ಬೇರೆ ಮನೆ ಅಂತ ಲೆಕ್ಕವಾಗುತ್ತದಾ ಇಲ್ಲವಾ ಅನ್ನೋ ವಾದಕ್ಕೆ ಇಳಿಯೋದಕ್ಕಿಂತ ಒಟ್ಟು ನಾಲ್ಕು ದಾಟದಿರೋದು ಒಳ್ಳೆಯದು. ಮೊದಲ ವರ್ಷವಂತೂ ಒಂದೇ ಗಿಡ ಹಾಕಿ, ನಾಲ್ಕರ ಆಸೆ ಬಿಡಿ. ನೆಲದಲ್ಲಿ ಚೆನ್ನಾಗಿ ಬಂದ ಒಂದು ಗಿಡ ಆರಡಿ ದಾಟುತ್ತದೆ, ಅಕ್ಕಪಕ್ಕ ನಾಲ್ಕಡಿ ಹರಡುತ್ತದೆ. ಕೊಯ್ಲಿನ ದಿನ ಅದೊಂದನ್ನು ಬಿಡಿಸೋಕೇ ಇಡೀ ಭಾನುವಾರ ಹೋಗುತ್ತದೆ.

ಬೇರೆ ಪ್ರಾಂತ್ಯದಲ್ಲಿರುವವರು?

ಮೊದಲು ನಿಮ್ಮ ಪ್ರಾಂತ್ಯದ ನಿಯಮ ನೋಡಿ. ಕ್ಯೂಬೆಕ್‌ನಲ್ಲಿ ಮನೆಯಲ್ಲಿ ಬೆಳೆಯೋ ಹಾಗೇ ಇಲ್ಲ. ಆ ನಿಷೇಧ ಸರಿಯಾಗಿದೆ ಅಂತ 2023ರಲ್ಲಿ ಕೆನಡಾದ ಸುಪ್ರೀಂ ಕೋರ್ಟ್ ಕೂಡ ಹೇಳಿತು. ಮ್ಯಾನಿಟೋಬಾದಲ್ಲೂ ನಿಷೇಧ ಇತ್ತು, 2025ರಲ್ಲಿ ತೆಗೆದರು. ಬ್ರಿಟಿಷ್ ಕೊಲಂಬಿಯಾದಲ್ಲಿ ರಸ್ತೆ, ಪಾರ್ಕಿನಂಥ ಸಾರ್ವಜನಿಕ ಜಾಗದಿಂದ ಗಿಡ ಕಾಣಬಾರದು. ಆಲ್ಬರ್ಟಾದಲ್ಲಿ ವಯಸ್ಸು 18. ಜರ್ಮನಿಯಲ್ಲಿರೋ ಗೆಳೆಯರಿಗೆ 2024ರ ಏಪ್ರಿಲ್ 1ರಿಂದ ಒಬ್ಬ ವಯಸ್ಕರಿಗೆ 3 ಗಿಡ. ಅಲ್ಲಿ ಲೆಕ್ಕ ತಲೆಗೆ.

ಬಾಡಿಗೆ ಮನೆ, ಕಾಂಡೋ (ಸ್ವಂತ ಫ್ಲಾಟ್)?

ಕರಾರು ಪತ್ರ ತೆಗೆದು ಓದಿ. ಮಾಲೀಕರು ಅದರಲ್ಲಿ ಬೇಡ ಅಂತ ಬರೆದಿರಬಹುದು, ಕಾಂಡೋ ಸಂಘದ ನಿಯಮದಲ್ಲೂ ಇರಬಹುದು. ಬರೆದಿಲ್ಲ ಅಂದರೂ ಒಂದು ಇಮೇಲ್ ಹಾಕಿ ಕೇಳಿಬಿಡಿ. ನಮ್ಮ ಜನ ಕೇಳೋಕೆ ಸಂಕೋಚ ಪಡುತ್ತಾರೆ, ಆಮೇಲೆ ಆಗಸ್ಟಿನಲ್ಲಿ ವಾಸನೆ ಬಂದ ಮೇಲೆ ಜಗಳ.

ನಾನು ವರ್ಕ್ ಪರ್ಮಿಟ್‌ನಲ್ಲಿದ್ದೇನೆ / ಪಿಆರ್ (ಕಾಯಂ ನಿವಾಸಿ ಅನುಮತಿ) ಇದೆ. ತೊಂದರೆ ಆಗುತ್ತದಾ?

ಕಾನೂನಿನ ಒಳಗೆ ಬೆಳೆದರೆ ಅದು ಅಪರಾಧ ಅಲ್ಲ. ಆದರೆ ಗೆರೆ ದಾಟಿದರೆ ಪೌರತ್ವ ಇರುವವರಿಗಿಂತ ನಿಮಗೆ ಜಾಸ್ತಿ ಪೆಟ್ಟು. ನಿಯಮ ಮೀರಿ ಬೆಳೆಯೋದು, ಮಾರೋದು ಇವಕ್ಕೆ ಕಾಯ್ದೆಯಲ್ಲಿ ಗರಿಷ್ಠ ಶಿಕ್ಷೆ 14 ವರ್ಷ. ಒಂದೆರಡು ಗಿಡ ಜಾಸ್ತಿ ಇದ್ದರೆ ಪೊಲೀಸರು ಬರೀ ದಂಡದ ಟಿಕೆಟ್ ಕೊಟ್ಟು ಬಿಡಲೂಬಹುದು, ಆದರೆ ಅದು ಅವರ ಕೈಯಲ್ಲಿರೋ ವಿಷಯ. ಇನ್ನೊಂದು, ಸೇದಿ ಗಾಡಿ ಓಡಿಸೋದು. 2018ರ ಡಿಸೆಂಬರಿನಿಂದ ಅಮಲಿನಲ್ಲಿ ಗಾಡಿ ಓಡಿಸೋದಕ್ಕೆ ಗರಿಷ್ಠ ಶಿಕ್ಷೆ 10 ವರ್ಷಕ್ಕೆ ಏರಿದೆ. ಹಾಗಾಗಿ ವಲಸೆ ಕಾನೂನಿನ ಕಣ್ಣಲ್ಲಿ ಅದು ಗಂಭೀರ ಅಪರಾಧ, ಪಿಆರ್ ಹೋಗೋ ಸಾಧ್ಯತೆ ಇದೆ. ಹತ್ತು ವರ್ಷ ಕಷ್ಟಪಟ್ಟು ಕಟ್ಟಿಕೊಂಡ ಬದುಕು ಒಂದು ಸಂಜೆಗೆ ಹೋಗೋದು ಬೇಡ. ಏನಾದರೂ ಕೇಸ್ ಆದರೆ ವಾಟ್ಸಾಪ್ ಗುಂಪಿನಲ್ಲಿ ಕೇಳುತ್ತಾ ಕೂರಬೇಡಿ, ವಲಸೆ ಕಾನೂನು ತಿಳಿದ ವಕೀಲರ ಹತ್ತಿರ ಹೋಗಿ.

ಬೀಜ ಎಲ್ಲಿ ಸಿಗುತ್ತದೆ? ಊರಿಂದ ಬರುವಾಗ ನಾಲ್ಕು ಕಾಳು ತಂದರೆ?

ತರಬೇಡಿ. ಗಾಂಜಾ, ಅದರ ಬೀಜ, ಏನನ್ನೂ ಪರವಾನಗಿ ಇಲ್ಲದೆ ಕೆನಡಾದ ಗಡಿ ದಾಟಿಸೋ ಹಾಗಿಲ್ಲ. ಒಳಗೂ ಇಲ್ಲ, ಹೊರಗೂ ಇಲ್ಲ. ಪರವಾನಗಿ ಇರೋ ಅಂಗಡಿಯಲ್ಲಿ, ಅಥವಾ ಸರಕಾರದ ಒಂಟಾರಿಯೊ ಕ್ಯಾನಬಿಸ್ ಸ್ಟೋರ್‌ನಲ್ಲಿ ಆನ್‌ಲೈನ್ ಬೀಜ ಸಿಗುತ್ತದೆ. ರಸೀದಿ ಎತ್ತಿಡಿ, ಗಿಡ ಎಲ್ಲಿಂದ ಬಂತು ಅಂದರೆ ತೋರಿಸೋಕೆ ಇರುತ್ತದೆ.

ಊರಿನ ಬೀಜ ಇಲ್ಲಿಗೆ ಹೊಂದೋದೂ ಇಲ್ಲ. ಯಾಕೆ ಅಂತ ಮುಂದಿನ ಉತ್ತರದಲ್ಲಿ ಇದೆ.

ಆಟೋ ಅಂತಾರೆ, ಫೋಟೋ ಅಂತಾರೆ, ಏನಿದು?

ಇದನ್ನು ಅರ್ಥ ಮಾಡಿಕೊಂಡರೆ ಅರ್ಧ ಕೆಲಸ ಆದ ಹಾಗೆ, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ.

ನಮ್ಮ ನಾಟಿ ಅವರೆ ನೆನಪಿದೆಯಾ? ಯಾವಾಗ ಬಿತ್ತಿದರೂ ಅದು ಸುಮ್ನೆ ಬಳ್ಳಿ ಬಿಡುತ್ತಾ ಇರುತ್ತದೆ. ಹಗಲು ಕುಗ್ಗಿ ರಾತ್ರಿ ಉದ್ದ ಆದ ಮೇಲೇ ಹೂವಿಗೆ ಬರುವುದು. ಅದಕ್ಕೇ ಸೊಗಡಿನ ಅವರೆಕಾಯಿ ಚಳಿಗಾಲದಲ್ಲಿ ಮಾತ್ರ. ಗಾಂಜಾ ಗಿಡದ ಗುಣವೂ ಅದೇ, ಅದು ರಾತ್ರಿಯ ಉದ್ದ ಅಳೆಯುತ್ತದೆ. ಇಲ್ಲಿ ಜೂನ್ ಕೊನೆಯಲ್ಲಿ ಹಗಲು ಹದಿನೈದು ಗಂಟೆಗೂ ಜಾಸ್ತಿ. ಬೆಂಗಳೂರಿನಲ್ಲಿ ವರ್ಷದ ಅತಿ ಉದ್ದದ ಹಗಲೂ ಹದಿಮೂರು ಗಂಟೆ ಮುಟ್ಟುವುದಿಲ್ಲ. ಹಾಗಾಗಿ ಇಲ್ಲಿ ಮಾಮೂಲಿ ತಳಿ ಜೂನ್, ಜುಲೈ ಪೂರ್ತಿ ಎಲೆ ಕೊಂಬೆ ಬೆಳೆಸಿ, ಆಗಸ್ಟಿನಲ್ಲಿ ಹೂ ಶುರು ಮಾಡಿ, ಸೆಪ್ಟೆಂಬರ್ ಕೊನೆಗೋ ಅಕ್ಟೋಬರ್ ಮಧ್ಯಕ್ಕೋ ಕೊಯ್ಲಿಗೆ ಬರುತ್ತದೆ. ಇದನ್ನು ಫೋಟೋಪೀರಿಯಡ್ ತಳಿ ಅನ್ನುತ್ತಾರೆ. ಬಿಸಿಲ ನಾಡಿನ ತಳಿಗಳಿಗೆ ಹೂ ಮಾಗೋಕೆ ಇನ್ನೂ ಜಾಸ್ತಿ ವಾರ ಬೇಕು, ಅಷ್ಟರಲ್ಲಿ ಇಲ್ಲಿ ಹಿಮ ಬಿದ್ದಿರುತ್ತದೆ.

ಆಟೋಫ್ಲವರ್ ಅಂದರೆ ಹಗಲು ರಾತ್ರಿ ನೋಡದೆ ವಯಸ್ಸು ನೋಡಿ ಹೂ ಬಿಡೋ ತಳಿ. ಬಿತ್ತಿದ ಒಂಬತ್ತರಿಂದ ಹನ್ನೆರಡು ವಾರದಲ್ಲಿ ಮುಗಿಯುತ್ತದೆ. ಜೂನ್ ಮೊದಲ ವಾರ ಹಾಕಿದರೆ ಆಗಸ್ಟ್ ಕೊನೆಗೆ, ಬಿಸಿಲಿರುವಾಗಲೇ ಕೊಯ್ಲು. ಗಿಡ ಚಿಕ್ಕದು, ಎರಡು ಮೂರಡಿ. ಮೊದಲ ಸಲದವರಿಗೆ ನಾನು ಹೇಳೋದು ಇದನ್ನೇ. ಇದರ ಒಂದು ಕಷ್ಟ ಏನೆಂದರೆ, ಚಿಕ್ಕಂದಿನಲ್ಲಿ ಪೆಟ್ಟು ತಿಂದರೆ ಸುಧಾರಿಸಿಕೊಳ್ಳೋಕೆ ಅದಕ್ಕೆ ಪುರುಸೊತ್ತಿಲ್ಲ. ಹಾಗಾಗಿ ಕೊನೆವರೆಗೆ ಇರೋ ಕುಂಡದಲ್ಲೇ ಬೀಜ ಹಾಕಿ, ಕಿತ್ತು ನಾಟಿ ಮಾಡಬೇಡಿ.

ಕೋಲಾರ, ಚಿಕ್ಕಬಳ್ಳಾಪುರದ ಕಡೆ ರಾತ್ರಿ ಹೋಗುವಾಗ ಸೇವಂತಿಗೆ ತೋಟದಲ್ಲಿ ಸಾಲಾಗಿ ಬಲ್ಬ್ ಉರಿಯೋದು ನೋಡಿದ್ದೀರಾ? ಹೂ ಬೇಗ ಬರದ ಹಾಗೆ ತಡೆಯೋಕೆ ರೈತರು ರಾತ್ರಿಯನ್ನು ಒಡೆಯುತ್ತಾರೆ. ಅದೇ ಕೆಲಸ ನಮ್ಮ ಹಿತ್ತಲಲ್ಲಿ ಬೇಡದೆ ಆಯಿತು. ಗ್ಯಾರೇಜಿನ ಲೈಟು ರಾತ್ರಿಯೆಲ್ಲಾ ಗಿಡದ ಒಂದು ಮಗ್ಗುಲಿಗೆ ಬೀಳುತ್ತಿತ್ತು. ಆ ಮಗ್ಗುಲು ಆಗಸ್ಟ್ ಇಪ್ಪತ್ತಾದರೂ ಬರೀ ಎಲೆ, ಆ ಕಡೆ ಮಗ್ಗುಲಲ್ಲಿ ಹೂ. ಲೈಟ್ ಆರಿಸಿದ ಮೇಲೆ ಸರಿಹೋಯಿತು. ಫೋಟೋ ತಳಿ ಹಾಕುವವರು ರಾತ್ರಿ ಹಿತ್ತಲು ಕತ್ತಲಾಗಿರುತ್ತದಾ ಅಂತ ಮೊದಲೇ ನೋಡಿಕೊಳ್ಳಿ.

ಯಾವಾಗ ಹೊರಗೆ ಇಡೋದು?

ಇಲ್ಲಿನವರು ಟೊಮೆಟೊ ಸಸಿಗೆ ಹೇಳೋ ಮಾತೇ ಇದಕ್ಕೂ: ವಿಕ್ಟೋರಿಯಾ ಡೇ ಕಳೆಯಲಿ. ಅಂದರೆ ಮೇ 25ಕ್ಕೆ ಮುಂಚಿನ ಸೋಮವಾರ. ಮೇ ಮೊದಲ ವಾರ ಎರಡು ದಿನ ಬಿಸಿಲು ಬಂದ ತಕ್ಷಣ ಆಸೆ ಆಗುತ್ತದೆ, ತಡೆದುಕೊಳ್ಳಿ. ಮನೆಯೊಳಗೆ ಮೊಳಕೆ ಬಂದ ಸಸಿಯನ್ನು ಒಂದೇ ಸಲ ಬಿಸಿಲಿಗಿಡಬೇಡಿ. ಮೊದಲ ದಿನ ಒಂದು ಗಂಟೆ, ಮಾರನೇ ದಿನ ಎರಡು, ಹೀಗೆ ಒಂದು ವಾರ ರೂಢಿ ಮಾಡಿಸಿ.

ನೆಲದಲ್ಲೋ, ಕುಂಡದಲ್ಲೋ? ಮಣ್ಣು ಎಂಥದ್ದು?

ಮೊದಲ ವರ್ಷ ಕುಂಡ. ಬಿಸಿಲು ಸಾಲದಿದ್ದರೆ, ಜೋರು ಮಳೆ ಬಂದರೆ ಎತ್ತಿ ಇಡಬಹುದು. ಬಟ್ಟೆಯ ಕುಂಡ ಒಳ್ಳೆಯದು, ಬೇರಿಗೆ ಗಾಳಿ ಆಡುತ್ತದೆ. ಆಟೋಗೆ 20 ಲೀಟರ್ ಸಾಕು, ದೊಡ್ಡ ತಳಿಗೆ 40 ಲೀಟರ್ ಆದರೂ ಬೇಕು. ದಿನಕ್ಕೆ ಕನಿಷ್ಠ ಆರು ಗಂಟೆ ನೇರ ಬಿಸಿಲು ಬೀಳಬೇಕು.

ಈ ಊರಿನ ನೆಲ ಬಹಳ ಕಡೆ ಅಂಟು ಜೇಡಿ, ನೀರು ಇಂಗುವುದಿಲ್ಲ. ಕುಂಡಕ್ಕೆ ಅಂಗಡಿ ಪಾಟಿಂಗ್ ಮಣ್ಣು ಎರಡು ಪಾಲು, ಚೆನ್ನಾಗಿ ಕಳಿತ ಕಾಂಪೋಸ್ಟ್ ಒಂದು ಪಾಲು, ಎರಡು ಹಿಡಿ ಎರೆಹುಳು ಗೊಬ್ಬರ, ಮಣ್ಣು ಸಡಿಲ ಇರೋಕೆ ಸ್ವಲ್ಪ ಪರ್ಲೈಟ್ ಅನ್ನೋ ಹಗುರ ಬಿಳಿ ಕಾಳು. ಹಿಡಿಯಲ್ಲಿ ಒತ್ತಿದರೆ ಉಂಡೆ ಆಗಬೇಕು, ಬೆರಳಿಂದ ತಟ್ಟಿದರೆ ಉದುರಬೇಕು. ಪಿಎಚ್ 6ರಿಂದ 7ರ ಮಧ್ಯೆ ಇದ್ದರೆ ಸಾಕು. ಪಾಟಿಂಗ್ ಮಣ್ಣು ಸಾಮಾನ್ಯವಾಗಿ ಅಷ್ಟರಲ್ಲೇ ಇರುತ್ತದೆ, ಮೀಟರ್ ತರೋದು ಬೇಡ.

ನೀರು ದಿನಾ ಹಾಕಬೇಕಾ?

ಬೇಡ. ನಮ್ಮವರು ಗಿಡ ಕೊಲ್ಲೋದು ಹೀಗೇ, ಪ್ರೀತಿಗೆ ದಿನಾ ಒಂದು ಚೊಂಬು. ಬೆರಳನ್ನು ಎರಡನೇ ಗೆಣ್ಣಿನವರೆಗೆ ಮಣ್ಣಿಗೆ ಇಳಿಸಿ. ತುದಿಗೆ ತೇವ ತಗುಲಿದರೆ ಇವತ್ತು ಬೇಡ. ಒಣಗಿದ್ದರೆ ಕುಂಡದ ತಳದಿಂದ ಸೋರುವವರೆಗೆ ನಿಧಾನವಾಗಿ ಹಾಕಿ, ಆಮೇಲೆ ಮತ್ತೆ ಒಣಗೋವರೆಗೆ ಬಿಡಿ. ಜುಲೈ ಬಿಸಿಲಿಗೆ ದೊಡ್ಡ ಗಿಡ ದಿನಾ ಕೇಳಬಹುದು, ಅದು ಬೇರೆ ಮಾತು. ಬೆಳಿಗ್ಗೆ ಹಾಕಿ, ಬುಡಕ್ಕೆ ಮಾತ್ರ, ಎಲೆ ಮೇಲೆ ಬೇಡ.

ಗೊಬ್ಬರ?

ಮೇಲೆ ಹೇಳಿದ ಮಣ್ಣಿದ್ದರೆ ಮೊದಲ ನಾಲ್ಕು ವಾರ ಏನೂ ಬೇಡ. ಆಮೇಲೆ ಟೊಮೆಟೊಗೆ ಹಾಕೋ ಸಾವಯವ ಗೊಬ್ಬರವನ್ನೇ, ಡಬ್ಬದ ಮೇಲೆ ಬರೆದಿರೋದರ ಅರ್ಧದಷ್ಟು. ಹೂ ಶುರುವಾದ ಮೇಲೆ ಸಾರಜನಕ ಜಾಸ್ತಿ ಇರೋ ಗೊಬ್ಬರ ನಿಲ್ಲಿಸಿ. ಗಾಂಜಾಗೇ ಅಂತ ಆರು ಬಾಟಲಿ ಸೆಟ್ ಮಾರುತ್ತಾರೆ, ಒಂದು ಗಿಡಕ್ಕೆ ಅದು ದುಡ್ಡು ದಂಡ ಅನ್ನೋದು ನನ್ನ ಅಭಿಪ್ರಾಯ.

ಗಂಡು ಗಿಡ, ಹೆಣ್ಣು ಗಿಡ ಅಂತ ಇದೆಯಂತೆ?

ಇದೆ, ಪಪ್ಪಾಯ ಇದ್ದ ಹಾಗೆ. ನಮಗೆ ಬೇಕಾದ ಹೂಗೊಂಚಲು ಬಿಡೋದು ಹೆಣ್ಣು ಗಿಡ. ಗಂಡಿನ ಪರಾಗ ತಗುಲಿದರೆ ಹೆಣ್ಣು ಗಿಡ ಬೀಜ ಕಟ್ಟೋಕೆ ಶುರು ಮಾಡುತ್ತದೆ, ಹೂವಿನ ಸತ್ವ ಕಡಿಮೆ ಆಗುತ್ತದೆ. ಅಂಗಡಿಯಲ್ಲಿ ಫೆಮಿನೈಸ್ಡ್ ಅಂತ ಬರೆದ ಬೀಜ ತಂದರೆ ಹೆಚ್ಚುಕಮ್ಮಿ ಎಲ್ಲವೂ ಹೆಣ್ಣೇ. ಆದರೂ ಕಣ್ಣಿಟ್ಟಿರಿ. ಕಾಂಡಕ್ಕೆ ಎಲೆಯ ತೊಟ್ಟು ಸೇರೋ ಗೆಣ್ಣಿನ ಹತ್ತಿರ ನೋಡಿ: ಬಿಳಿ ಕೂದಲಿನ ಹಾಗೆ ಎರಡು ಎಳೆ ಹೊರಬಂದಿದ್ದರೆ ಹೆಣ್ಣು, ಸಾಸಿವೆ ಕಾಳಿನ ಹಾಗೆ ದುಂಡು ಚೀಲ ತೂಗುತ್ತಿದ್ದರೆ ಗಂಡು. ಗಂಡಾದರೆ ಚೀಲ ಒಡೆಯೋ ಮುಂಚೆ ಕಿತ್ತು ಹಾಕಿ.

ಎಲೆ ಹಳದಿ ಆಗ್ತಿದೆ. ಹುಳ ತಿಂತಿದೆ.

ಕೆಳಗಿನ ಹಳೇ ಎಲೆ ಒಂದೊಂದೇ ಹಳದಿ ಆದರೆ ಗಾಬರಿ ಬೇಡ, ಹೂ ಕಾಲದಲ್ಲಿ ಅದು ಸಹಜ. ಜೂನ್‌ನಲ್ಲೇ ಇಡೀ ಗಿಡ ಹಳದಿಯಾಗಿ ಜೋತು ಬಿದ್ದಿದ್ದರೆ ಹತ್ತರಲ್ಲಿ ಎಂಟು ಸಲ ನೀರು ಜಾಸ್ತಿ ಆಗಿರುತ್ತದೆ.

ಹುಳಗಳಲ್ಲಿ ಇಲ್ಲಿ ಜುಲೈಯಲ್ಲಿ ಕಾಟ ಕೊಡೋದು ಜಪಾನೀಸ್ ಬೀಟಲ್, ಎಲೆಯನ್ನು ಜರಡಿ ಮಾಡಿಬಿಡುತ್ತದೆ. ಬೆಳಿಗ್ಗೆ ತಂಪಿನಲ್ಲಿ ಅವು ಮಂದ. ಸೋಪು ನೀರಿನ ಡಬ್ಬ ಕೆಳಗೆ ಹಿಡಿದು ಬೆರಳಿಂದ ತಟ್ಟಿದರೆ ಒಳಗೆ ಬೀಳುತ್ತವೆ. ನನ್ನ ಮಗನಿಗೆ ಟೊಮೆಟೊ, ದ್ರಾಕ್ಷಿ ಬಳ್ಳಿಯಲ್ಲಿ ಈ ಕೆಲಸ ಬಹಳ ಇಷ್ಟ, ಈ ಗಿಡ ಮಾತ್ರ ನನ್ನದೇ ಪಾಲು. ಸಸ್ಯಹೇನಿಗೆ ಪೈಪಿನ ನೀರು ರಭಸವಾಗಿ ಹೊಡೆದರೆ ಸಾಕು, ಹೂ ಬರುವ ಮುಂಚೆ ಮಾತ್ರ. ಹೂ ಬಂದ ಮೇಲೆ ಗಿಡಕ್ಕೆ ಯಾವ ಔಷಧಿಯನ್ನೂ ಹೊಡೆಯಬೇಡಿ, ಸಾವಯವ ಅಂತ ಬರೆದಿದ್ದರೂ ಬೇಡ. ಆ ಹೂವನ್ನು ಆಮೇಲೆ ತೊಳೆಯೋಕೆ ಆಗುವುದಿಲ್ಲ, ಹಾಗೇ ನಿಮ್ಮ ಮೈ ಸೇರುತ್ತದೆ.

ಹೊರಗೆ ಬೆಳೆಯುವಾಗ ದೊಡ್ಡ ಅಪಾಯ ಯಾವುದು?

ಬೂಷ್ಟು. ಕಳ್ಳರೂ ಅಲ್ಲ, ಹುಳವೂ ಅಲ್ಲ.

2021ರಲ್ಲಿ ನನ್ನ ಮೊದಲ ಗಿಡ ಆರಡಿ ದಾಟಿತ್ತು. ದೊಡ್ಡ ತಳಿ, ಮುಂಗೈ ಗಾತ್ರದ ಹೂಗೊಂಚಲು. ದಿನಾ ಸಂಜೆ ಕಾಫಿ ಹಿಡಿದುಕೊಂಡು ಹೋಗಿ ಅದರ ಎದುರು ನಿಲ್ಲುತ್ತಿದ್ದೆ. ಅಕ್ಟೋಬರ್ ಮೊದಲ ವಾರ ಮೂರು ದಿನ ಬಿಡದೆ ಜಿನುಗು ಮಳೆ. ಇನ್ನೊಂದು ವಾರ ಬಿಟ್ಟರೆ ಇನ್ನೂ ದಪ್ಪ ಆಗುತ್ತದೆ ಅಂತ ಬಿಟ್ಟೆ. ನಾಲ್ಕನೇ ದಿನ ಬಿಸಿಲು ಬಂತು, ಹೋಗಿ ನೋಡಿದರೆ ಎಲ್ಲಾ ಹಸಿರು, ಒಂದು ಗೊಂಚಲ ಮಧ್ಯದಿಂದ ಇಣುಕುತ್ತಿದ್ದ ಒಂದೇ ಒಂದು ಪುಟ್ಟ ಎಲೆ ಮಾತ್ರ ಒಣಗಿ ಕಂದಾಗಿತ್ತು. ಸುಮ್ನೆ ಎರಡು ಬೆರಳಲ್ಲಿ ಹಿಡಿದೆ. ಎಳೆಯಬೇಕಾಗಲೇ ಇಲ್ಲ, ಕಳಚಿ ಕೈಗೆ ಬಂತು. ಗೊಂಚಲು ಬಿಡಿಸಿದರೆ ಒಳಗೆಲ್ಲಾ ಕಂದು ಮೆತ್ತಗೆ, ಬೂದು ಧೂಳು ಹೊಗೆಯ ಹಾಗೆ ಎದ್ದಿತು. ಅಂದು ಕತ್ತರಿಸುತ್ತಾ ಹೋದೆ, ಕತ್ತಲಾಗುವಷ್ಟರಲ್ಲಿ ಗಿಡದ ಅರ್ಧಕ್ಕಿಂತ ಜಾಸ್ತಿ ಕಸದ ಚೀಲದಲ್ಲಿತ್ತು. ಐದು ತಿಂಗಳ ಕೆಲಸ. ಆ ರಾತ್ರಿ ಊಟ ಸೇರಲಿಲ್ಲ.

ಇದು ಬೊಟ್ರೈಟಿಸ್ ಅನ್ನೋ ಶಿಲೀಂಧ್ರ, ದ್ರಾಕ್ಷಿ, ಸ್ಟ್ರಾಬೆರಿಗೂ ಬರುತ್ತದೆ. ಒಳಗಿಂದ ಹೊರಗೆ ಕೊಳೆಸುತ್ತದೆ, ಅದಕ್ಕೇ ಕಾಣುವಷ್ಟರಲ್ಲಿ ತಡ ಆಗಿರುತ್ತದೆ. ಈಗ ನಾನು ಮಾಡೋದು ಇಷ್ಟು. ಜುಲೈ ಕೊನೆಗೆ ಗಿಡದ ಒಳಭಾಗದ ಬಿಸಿಲು ಕಾಣದ ಕಡ್ಡಿಗಳನ್ನು ತೆಗೆದು ಗಾಳಿ ಆಡೋ ಹಾಗೆ ಮಾಡುತ್ತೇನೆ. ಮಳೆ ನಿಂತ ಮೇಲೆ ಕಾಂಡ ಹಿಡಿದು ಮೆಲ್ಲಗೆ ಅಲ್ಲಾಡಿಸಿ ನೀರು ಉದುರಿಸುತ್ತೇನೆ. ಕುಂಡದ ಗಿಡವಾದರೆ ಮಳೆಗೆ ಸೂರಿನ ಕೆಳಗೆ ಎಳೆದುಕೊಳ್ಳುತ್ತೇನೆ. ಸೆಪ್ಟೆಂಬರಿನಲ್ಲಿ ದಿನಾ ಬೆಳಿಗ್ಗೆ ಒಂದೊಂದು ಗೊಂಚಲನ್ನೂ ನೋಡುತ್ತೇನೆ, ಒಣಗಿದ ಎಲೆಯ ತುದಿ ಕಂಡರೆ ಅಲ್ಲೇ ಬಿಡಿಸಿ ನೋಡುತ್ತೇನೆ. ಮೂರು ದಿನ ಮಳೆ ಅಂತ ಹವಾಮಾನ ವರದಿ ಬಂದರೆ, ಹೂ ಪೂರ್ತಿ ಮಾಗದಿದ್ದರೂ ಕೊಯ್ದುಬಿಡುತ್ತೇನೆ.

ಬೂಷ್ಟು ಬಂದ ಹೂವನ್ನು ಒಣಗಿಸಿ ಬಳಸೋಣ, ಅಡುಗೆಗೆ ಹಾಕೋಣ ಅನ್ನಬೇಡಿ. ಶ್ವಾಸಕೋಶಕ್ಕೆ ಕೆಟ್ಟದ್ದು. ಎಸೆಯಿರಿ.

ಕೊಯ್ಲು ಯಾವಾಗ ಅಂತ ಗೊತ್ತಾಗೋದು ಹೇಗೆ?

ಹೂವಿನ ಬಿಳಿ ಎಳೆಗಳಲ್ಲಿ ಮುಕ್ಕಾಲು ಪಾಲು ಕಂದಾಗಿ ಒಳಗೆ ಸುರುಳಿ ಸುತ್ತಿಕೊಂಡಿರಬೇಕು. ಇನ್ನೂ ಸರಿಯಾಗಿ ನೋಡಬೇಕು ಅಂದರೆ ಒಂದು ಚಿಕ್ಕ ಭೂತಗನ್ನಡಿ ತನ್ನಿ. ಹೂವಿನ ಮೇಲೆ ಅಣಬೆ ಆಕಾರದ ಅಂಟು ಹನಿಗಳು ಕಾಣುತ್ತವೆ. ಗಾಜಿನ ಹಾಗೆ ತಿಳಿಯಾಗಿದ್ದರೆ ಬೇಗ ಆಯಿತು. ಗಂಜಿ ನೀರಿನ ಹಾಗೆ ಬೆಳ್ಳಗಾಗಿ, ಅಲ್ಲೊಂದು ಇಲ್ಲೊಂದು ಜೇನು ಬಣ್ಣ ತಿರುಗಿದ್ದರೆ ಸರಿಯಾದ ಹೊತ್ತು.

ಒಣಗಿಸೋದು?

ಸಂಡಿಗೆ ಹಪ್ಪಳದ ಹಾಗೆ ಬಿಸಿಲಿಗೆ ಹರಡಬೇಡಿ. ಕತ್ತಲೆ ಕೋಣೆ, 18ರಿಂದ 20 ಡಿಗ್ರಿ, ತೇವ ನೂರಕ್ಕೆ 50ರಿಂದ 60. ಕೊಂಬೆ ಸಮೇತ ತಲೆಕೆಳಗಾಗಿ ತೂಗುಹಾಕಿ, ಸಣ್ಣ ಫ್ಯಾನ್ ಇಡಿ, ಗಾಳಿ ನೇರ ಹೂವಿಗೆ ಹೊಡೆಯದ ಹಾಗೆ. ಒಂದು ವಾರದಿಂದ ಎರಡು ವಾರ ಹಿಡಿಯುತ್ತದೆ. ಸಣ್ಣ ಕಡ್ಡಿ ಬಗ್ಗಿಸಿದರೆ ಬಾಗದೆ ಲಟಕ್ಕಂತ ಮುರಿಯಬೇಕು. ಆಮೇಲೆ ಗಾಜಿನ ಜಾರ್‌ಗೆ ಮುಕ್ಕಾಲು ತುಂಬಿ, ಎರಡು ವಾರ ದಿನಕ್ಕೊಂದು ಸಲ ಮುಚ್ಚಳ ತೆಗೆದು ಗಾಳಿ ಆಡಿಸಿ. ಮುಚ್ಚಳ ತೆಗೆದಾಗ ಅಮೋನಿಯಾದಂಥ ಮೂಗಿಗೆ ಹೊಡೆಯೋ ವಾಸನೆ ಬಂದರೆ ತೇವ ಉಳಿದಿದೆ ಅಂತ ಅರ್ಥ, ಹೊರಗೆ ಹರಡಿ ಇನ್ನೊಂದು ದಿನ ಬಿಡಿ.

ದ್ರಾವಕ ಹಾಕಿ ಎಣ್ಣೆ ತೆಗೆಯೋ ವಿಡಿಯೋಗಳಿವೆ. ಬ್ಯೂಟೇನ್‌ನಂಥ ಬೆಂಕಿ ಹತ್ತಿಕೊಳ್ಳೋ ದ್ರಾವಕದಲ್ಲಿ ಮನೆಯಲ್ಲಿ ಮಾಡೋದು ಕಾನೂನುಬಾಹಿರ, ಮನೆಯೂ ಸುಟ್ಟುಹೋಗಬಹುದು. ಅದರ ತಂಟೆಗೇ ಹೋಗಬೇಡಿ.

ಅಡುಗೆಗೆ ಹಾಕಬಹುದಾ? ಬೆಣ್ಣೆ, ಲಾಡು?

ಮಾಡಬಹುದು, ಆದರೆ ನಿಮ್ಮ ಗಿಡದಲ್ಲಿ ಟಿಎಚ್‌ಸಿ, ಅಂದರೆ ಅಮಲೇರಿಸೋ ಅಂಶ, ಎಷ್ಟಿದೆ ಅಂತ ನಿಮಗೆ ಗೊತ್ತಿರುವುದಿಲ್ಲ. ಅದೇ ತೊಂದರೆ. ತಿಂದದ್ದು ಏರೋಕೆ ಅರ್ಧ ಗಂಟೆಯಿಂದ ಎರಡು ಗಂಟೆ ಬೇಕು, 12 ಗಂಟೆವರೆಗೂ ಇರಬಹುದು. ಏನೂ ಆಗಲಿಲ್ಲ ಅಂತ ಇನ್ನೊಂದು ತಿನ್ನುತ್ತಾರೆ, ಆಮೇಲೆ ಎದೆ ಬಡಿತ, ಭಯ, ವಾಂತಿ, ಆಸ್ಪತ್ರೆ. ಅಳತೆ ಗೊತ್ತಿರೋದು ಬೇಕು ಅಂದರೆ ಅಂಗಡಿಯದೇ ವಾಸಿ, 2.5 ಮಿಲಿಗ್ರಾಂ ಟಿಎಚ್‌ಸಿಯಿಂದ ಶುರು. ಮನೆತನದಲ್ಲಿ ಸ್ಕಿಜೋಫ್ರೀನಿಯಾದಂಥ ಕಾಯಿಲೆ ಇದ್ದವರು, ಬಸುರಿಯರು, ಎದೆಹಾಲು ಕುಡಿಸುವವರು ಯಾವ ರೂಪದಲ್ಲೂ ಬಳಸಬೇಡಿ. ಇಪ್ಪತ್ತೈದರ ಒಳಗಿನವರ ಮಿದುಳು ಇನ್ನೂ ಬೆಳೆಯುತ್ತಿರುತ್ತದೆ, ಅವರೂ ದೂರ ಇದ್ದರೆ ಒಳ್ಳೆಯದು.

ಮನೆಯಲ್ಲಿ ಮಕ್ಕಳಿದ್ದಾರೆ, ನಾಯಿ ಇದೆ.

ನಮ್ಮ ಮನೆಯಲ್ಲೂ ಇದ್ದಾರೆ. ಹಿತ್ತಲಿಗೆ ಬೇಲಿ, ಗೇಟಿಗೆ ಬೀಗ. ಒಣಗಿದ್ದು ಬೀಗ ಹಾಕೋ ಪೆಟ್ಟಿಗೆಯಲ್ಲಿ, ಕೈಗೆಟುಕದ ಕಪಾಟಿನಲ್ಲಿ. ಅಡುಗೆಮನೆಯ ಡಬ್ಬದಲ್ಲಿ ಇಡಲೇಬೇಡಿ. ಅಜ್ಜಿ ಸೊಪ್ಪಿನ ಪುಡಿ ಅಂದುಕೊಂಡು ಸಾರಿಗೆ ಹಾಕಿದರೆ? ಗಾಂಜಾ ಹಾಕಿದ ತಿಂಡಿ ಮನೆಯಲ್ಲಿ ಇಡಬೇಡಿ ಅಂತಲೇ ಹೇಳುತ್ತೇನೆ, ಮಗುವಿಗೆ ಲಾಡು ಲಾಡುವೇ. ಮಗು ತಿಂದಿದೆ ಅನ್ನೋ ಅನುಮಾನ ಬಂದರೂ ಕಾಯಬೇಡಿ. ಕೆನಡಾದ ವಿಷ ಮಾಹಿತಿ ಕೇಂದ್ರದ ನಂಬರ್ 1-844-764-7669. ಮಗು ಎಬ್ಬಿಸಿದರೂ ಏಳುತ್ತಿಲ್ಲ, ಉಸಿರಾಟ ಸರಿಯಿಲ್ಲ ಅಂದರೆ ನೇರ 911. ನಾಚಿಕೆ ಬೇಡ, ಏನು ತಿಂದಿದೆ ಅಂತ ಡಾಕ್ಟರಿಗೆ ನಿಜ ಹೇಳಿ. ನಾಯಿ, ಬೆಕ್ಕಿಗೂ ಇದು ವಿಷವೇ. ಕತ್ತರಿಸಿದ ಎಲೆ ನೆಲದ ಮೇಲೆ ಬಿಡಬೇಡಿ.

ವಾಸನೆ ಎಷ್ಟು ಬರುತ್ತದೆ? ಪಕ್ಕದ ಮನೆಯವರಿಗೆ ಹೇಳಬೇಕಾ?

ಬಹಳ ಬರುತ್ತದೆ. ಆಗಸ್ಟ್ ಮಧ್ಯದಿಂದ ಐದಾರು ವಾರ, ಸಂಜೆ ಹೊತ್ತು ಇನ್ನೂ ಜಾಸ್ತಿ. ಕಾನೂನು ಹೇಳು ಅನ್ನುವುದಿಲ್ಲ, ಆದರೆ ನಾನು ಮೇ ತಿಂಗಳಲ್ಲೇ ಹೋಗಿ ಹೇಳಿದೆ. ಪಕ್ಕದ ಮನೆಯ ಅಜ್ಜಿಗೆ ಅಸ್ತಮಾ. ಅವರ ಅಡುಗೆಮನೆ ಕಿಟಕಿಯಿಂದ ದೂರ ಇರಲಿ ಅಂತ ಗಿಡದ ಜಾಗವನ್ನೇ ಬದಲಾಯಿಸಿದೆ. ಜೊತೆಗೆ ನಿಮ್ಮ ನಗರಸಭೆಯ ನಿಯಮ, ಮನೆ ಇನ್ಶೂರೆನ್ಸಿನ ಷರತ್ತು ಎರಡನ್ನೂ ಒಮ್ಮೆ ನೋಡಿಬಿಡಿ.

ಜಾಸ್ತಿ ಬಂದರೆ ಮಾರಬಹುದಾ? ಗೆಳೆಯರಿಗೆ ಕೊಡಬಹುದಾ?

ಒಂದು ಡಾಲರಿಗೂ ಮಾರೋ ಹಾಗಿಲ್ಲ. ಗೊಬ್ಬರದ ಖರ್ಚು ಅಂತ ಇಸಿದುಕೊಂಡರೂ ಅದು ಮಾರಾಟವೇ. ವಯಸ್ಕರಿಗೆ 30 ಗ್ರಾಂವರೆಗೆ ಸುಮ್ನೆ ಕೊಡಬಹುದು. 19 ತುಂಬದವರಿಗೆ ಒಂದು ಚಿಟಿಕೆಯೂ ಬೇಡ, ಅದು ದೊಡ್ಡ ಅಪರಾಧ.

ಗಡಿಯಾಚೆ ಅಮೆರಿಕದ ಬಫಲೋ ನಗರಕ್ಕೆ ಶಾಪಿಂಗ್, ಡಿಸೆಂಬರಿನಲ್ಲಿ ಊರು. ಸ್ವಲ್ಪ ತೆಗೆದುಕೊಂಡು ಹೋದರೆ?

ಎಲೆಯ ಚೂರೂ ಬೇಡ. ನ್ಯೂಯಾರ್ಕ್ ರಾಜ್ಯದಲ್ಲಿ ಕಾನೂನುಬದ್ಧವಾದರೂ ಗಡಿ ಅಮೆರಿಕದ ಕೇಂದ್ರ ಸರಕಾರದ್ದು, ಅಲ್ಲಿ ಅದು ನಿಷಿದ್ಧ. ಬಳಸುತ್ತೇನೆ ಅಂತ ಗಡಿಯಲ್ಲಿ ಒಪ್ಪಿಕೊಂಡರೂ ಅಮೆರಿಕದ ಪ್ರಜೆ ಅಲ್ಲದವರನ್ನು ಒಳಗೆ ಬಿಡದೇ ಇರಬಹುದು. ಊರಿಗೆ ಹೊರಡುವಾಗ ಹಿತ್ತಲಲ್ಲಿ ಬಳಸಿದ ಜಾಕೆಟ್ ಜೇಬು, ಬ್ಯಾಗಿನ ಮೂಲೆ ಎಲ್ಲಾ ಝಾಡಿಸಿ ನೋಡಿ. ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಕೆನಡಾದ ರಸೀದಿಗೆ ಬೆಲೆ ಇಲ್ಲ.

ಅಪ್ಪ ಅಮ್ಮ ಬೇಸಿಗೆಗೆ ಬರ್ತಾರೆ. ಏನು ಹೇಳೋದು?

ನಿಜ ಹೇಳಿ. ನಮ್ಮಮ್ಮ ಹಾಸನದಿಂದ ಬಂದಿದ್ದರು. ನಾನು ಹೇಳೋ ಮುಂಚೆಯೇ ಒಂದು ಬೆಳಿಗ್ಗೆ ಹಿತ್ತಲಲ್ಲಿ ಎಲೆ ಮುಟ್ಟಿ, ಬೆರಳು ಮೂಸಿ, "ಇದು ಭಂಗಿ ಸೊಪ್ಪಲ್ವೇನೋ?" ಅಂದರು. ಜಾತ್ರೆಗೆ ಬರುತ್ತಿದ್ದ ಬೈರಾಗಿಗಳ ಹತ್ತಿರ ಇದೇ ವಾಸನೆ ಬರುತ್ತಿತ್ತಂತೆ. ಹೌದಮ್ಮ ಅಂದೆ. ಪೊಲೀಸರು ಬರುತ್ತಾರೆ ಅಂತ ಎರಡು ದಿನ ಹೆದರಿಕೊಂಡೇ ಇದ್ದರು. ಕಾನೂನನ್ನು ಕನ್ನಡದಲ್ಲಿ ಬಿಡಿಸಿ ಹೇಳಿದೆ, ನಾಲ್ಕರ ಲೆಕ್ಕ, ಬೀಗ, ಮೊಮ್ಮಕ್ಕಳ ವಿಷಯ ಎಲ್ಲಾ. ಅವರಿಗೆ ಇಷ್ಟ ಆಗಲಿಲ್ಲ, ಈಗಲೂ ಆಗಿಲ್ಲ. ಆದರೆ ಮುಚ್ಚಿಟ್ಟಿದ್ದರೆ ಇನ್ನೂ ನೋವಾಗುತ್ತಿತ್ತು. ಅವರಿದ್ದ ಆ ಮೂರು ತಿಂಗಳು ನಾನು ಬಳಸಲಿಲ್ಲ, ಗಿಡ ಮಾತ್ರ ಬೆಳೆಸಿದೆ.

ಕೊಯ್ಲಾದ ಮೇಲೆ ಕುಂಡದ ಮಣ್ಣು ಏನು ಮಾಡೋದು?

ಬೂಷ್ಟು ಬಂದ ಗಿಡವಾದರೆ ಕಡ್ಡಿ, ಎಲೆ ಎಲ್ಲಾ ಕಸಕ್ಕೆ, ಮನೆಯ ಕಾಂಪೋಸ್ಟಿಗೆ ಬೇಡ. ಗಿಡ ಆರೋಗ್ಯವಾಗಿದ್ದರೆ ಬುಡ ಕತ್ತರಿಸಿ, ದಪ್ಪ ಬೇರು ತೆಗೆದು, ಮಣ್ಣಿಗೆ ಎರಡು ಹಿಡಿ ಕಾಂಪೋಸ್ಟ್ ಬೆರೆಸಿ ತರಕಾರಿ ಪಾತಿಗೆ ಸುರಿಯಿರಿ. ಅಕ್ಟೋಬರ್ ಮಧ್ಯ ಇಲ್ಲಿ ಬೆಳ್ಳುಳ್ಳಿ ನೆಡೋ ಕಾಲ. ನಾನು ಆ ಮಣ್ಣಿನಲ್ಲೇ ಎಸಳು ಊರಿ, ಮೇಲೆ ಒಣ ಎಲೆ ಹೊದಿಸಿ ಬಿಡುತ್ತೇನೆ. ಹಿಮದ ಕೆಳಗೆ ಸುಮ್ನೆ ಇದ್ದು ಏಪ್ರಿಲ್‌ನಲ್ಲಿ ಹಸಿರು ತಲೆ ಎತ್ತುತ್ತದೆ, ಜುಲೈಗೆ ಕೀಳಬಹುದು.